ಕಪ್ಪೆಚೆನ್ನಿಗರಾಯನ ಐತಿಹ್ಯವೂ ಹೊಯ್ಸಳ ರೂವಾರಿಗಳ ಹೆಸರುಗಳೂ

ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರಾಕಾರದೊಳಗೆ, ಮೂಲದೇವಾಲಯಕ್ಕೆ ದಕ್ಷಿಣದಲ್ಲಿ, ಕಪ್ಪೆಚೆನ್ನಿಗರಾಯನ ಗುಡಿಯೊಂದಿರುವುದು. ಇದನ್ನು ವಿಷ್ಣುವರ್ಧನನ ಪಟ್ಟದರಸಿಯಾದ ಶಾಂತಲದೇವಿಯು ಮಾಡಿಸಿದಳೆಂಬುದು ಶಾಸನದಿಂದ ವಿದಿತವಾಗಿದೆ. ಆದರೂ ಅಲ್ಲಿಗೆ ಹೋದ ಯಾತ್ರಿಕರು ಆಸೆಯಿಂದ ಕೇಳುವುದು ಶಾಂತಲದೇವಿಯ ದತ್ತಿಯ ವಿಷಯವನ್ನಲ್ಲ, ಕಪ್ಪೆಯ ಕಥೆಯನ್ನು. ಕಥೆಯು ಕನ್ನಡನಾಡಿನ ಮಕ್ಕಳಿಗೆಲ್ಲ ತಿಳಿದಿರುವುದೇ ಆದರೂ ಮುಂದಿನ ವಿಚಾರಕ್ಕೆ ಆಧಾರವಾಗಿರುವುದರಿಂದ ಅದರ ಸಾರವನ್ನು ಇಲ್ಲಿ ಹೇಳುವುದು ಅವಶ್ಯಕ.

ಜಕಣಾಚಾರಿಯೆಂಬ ಶಿಲ್ಪಿಯು ಕ್ರೀಡಾಪುರವೆಂಬ ಊರಿನವನು. ಕೆತ್ತನೆಯ ಹುಚ್ಚಿನಿಂದ ಮನೆಯನ್ನೂ ಗರ್ಭಿಣಿಯಾದ ಹೆಂಡತಿಯನ್ನೂ ಬಿಟ್ಟು ದೇಶದೇಶಗಳನ್ನು ತಿರುಗಿ, ಕಡೆಗೆ ಬೇಲೂರಿನಲ್ಲಿ ದೊರೆಯ ದೇವಾಲಯವನ್ನು ಕಟ್ಟತೊಡಗಿದನು. ಇತ್ತ ಅವನ ಮಗ ಡಂಕಣನು ಬೆಳೆದು ತಾನೂ ಶಿಲ್ಪಿಯಾಗಿ, ತಂದೆಯನ್ನು ಹುಡುಕುತ್ತ ಬೇಲೂರಿಗೆ ಬಂದನು. ಪ್ರತಿಷ್ಠೆಗೆ ಸಿದ್ಧವಾಗಿದ್ದ ವಿಗ್ರಹವನ್ನು ಕಂಡು, ಈ ಶಿಲೆಯಲ್ಲಿ ದೋಷವುಂಟೆಂದನು. ದೋಷವನ್ನು ತೋರಿಸಿದರೆ ನನ್ನ ಬಲಗೈಯನ್ನೇ ಕತ್ತರಿಸಿಕೊಳ್ಳುವೆನೆಂದು ಜಕಣನು ಪಂಥವನ್ನು ತೊಟ್ಟನು. ವಿಗ್ರಹಕ್ಕೆಲ್ಲ ಗಂಧವನ್ನು ಬಳಿಯಲಾಗಿ, ಮಿಕ್ಕೆಲ್ಲ ಕಡೆಯೂ ಒಣಗಿದ ಗಂಧವು ಹೊಕ್ಕುಳ ಬಳಿಯಲ್ಲಿ ಮಾತ್ರ ಹಸಿಯಾಗಿಯೇ ನಿಂತಿತು. ಹುಡುಗನು ಅಲ್ಲಿ ಉಳಿಯಿಟ್ಟು ಹೊಡೆದನು. ನೀರೂ ಮರಳೂ ಸುರಿದು ಒಂದು ಕಪ್ಪೆಯು ಹೊರಕ್ಕೆ ನೆಗೆಯಿತು. ಜಕಣನು ಆಡಿದ ಮಾತಿನಂತೆ ಕೈಯನ್ನು ಕಡಿದುಕೊಂಡನು. ತಂದೆಮಕ್ಕಳ ಗುರುತು ಆಮೇಲೆ ಆಯಿತು. ಸ್ವಾಮಿಯ ಅಪ್ಪಣೆಯಂತೆ ಇಬ್ಬರೂ ಹುಟ್ಟೂರಿಗೆ ಹೋಗಿ ಅಲ್ಲಿ ಚೆನ್ನಕೇಶವನ ಗುಡಿಯನ್ನು ಕಟ್ಟಲು, ಜಕಣನಿಗೆ ಕೈ ಬಂದಿತು. ಅಂದಿನಿಂದ ಆ ಊರು ಕೈದಾಳವಾಯಿತು.

ಈ ಬಗೆಯ ಮಾತಿಗೆ ನಮ್ಮ ಶಾಸ್ತ್ರಗಳಲ್ಲಿ ಐತಿಹ್ಯವೆಂದು ಹೆಸರು. ನ್ಯಾಯಸೂತ್ರಗಳ ಎರಡನೆಯ ಅಧ್ಯಾಯದಲ್ಲಿ ಐತಿಹ್ಯವು ಬೇರೆ ಪ್ರಮಾಣವೇ ಅಲ್ಲವೇ ಎಂಬ ಚರ್ಚೆಯುಂಟು. ಮೊದಲು ಹೇಳಿದವನು ಇಂಥವನೆಂದು ಗೊತ್ತಿಲ್ಲದೆ ಬಾಯಿಂದ ಬಾಯಿಗೆ ಬಂದ ಮಾತಿನ ಪರಂಪರೆಯೇ ಐತಿಹ್ಯವೆಂಬುದು ವಾತ್ಸ್ಯಾಯನರ ವಿವರಣೆಯ ತಾತ್ಪರ್ಯ. ಸೂತ್ರಕಾರರು ಅದನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪದೆ ಶಬ್ದಪ್ರಮಾಣದಲ್ಲಿ ಅಡಗಿಸಿದರು. ಎಂದರೆ, ಐತಿಹ್ಯವನ್ನು ಅವರು ಹೊರಗೆ ಎಸೆಯಲಿಲ್ಲ; ಆಡಿದ ಮಾತಿಗೆ ಯಾವ ಪರೀಕ್ಷೆಯೋ ಅದೇ ಪರೀಕ್ಷೆ ಇದಕ್ಕೂ ಸಲ್ಲತಕ್ಕದ್ದೆಂದರು. ಪುರಾತನ ಕಥೆಗಳಲ್ಲಿ ರುಚಿಯುಳ್ಳ ಈ ಕಾಲದವರಿಗೆ ಈ ನಿಲವು ಬಹಳ ಉಪಯುಕ್ತವಾದುದು. ಏಕೆಂದರೆ ಇಂದು ಐತಿಹ್ಯವನ್ನು ಕುರಿತು ಎರಡು ಬಗೆಯ ಅತಿರೇಕಗಳು ಕಂಡುಬರುತ್ತಿವೆ. ಕಥೆಯನ್ನು ಇದ್ದಂತೆಯೇ ಚರಿತ್ರೆಯೆಂದು ನಂಬುವುದು ಒಂದು. ಶಾಸನಕ್ಕೆ ವಿರುದ್ಧವೆಂದು ಕಂಡೊಡನೆ ಅದನ್ನು ಕಸವೆಂದು ಗುಡಿಸಿಬಿಡುವುದು ಇನ್ನೊಂದು. ಜಕಣಾಚಾರಿಯ ಕಥೆಯನ್ನು ಈ ಎರಡು ಅತಿರೇಕಗಳಿಂದಲೂ ಬಿಡಿಸಿ ನೋಡಿದರೆ ಯಾವ ಲಾಭವುಂಟೆಂಬುದೇ ಪ್ರಕೃತ ವಿಚಾರ.

ಮೊದಲು ಕಾಲವನ್ನು ನೋಡಬೇಕು. ಬೇಲೂರಿನ ವಿಜಯನಾರಾಯಣನ, ಅಂದರೆ ಈಗಿನ ಚೆನ್ನಕೇಶವನ, ಪ್ರತಿಷ್ಠೆಯು ಕ್ರಿ. ಶ. 1117ರಲ್ಲಿ ನಡೆಯಿತು. ತುಮಕೂರಿಗೆ ಸಮೀಪದಲ್ಲಿರುವ ಕೈದಾಳದ ದೇವಾಲಯಗಳ ಚರಿತ್ರೆಯನ್ನು ಆ ಊರಿನ ಶಾಸನವೇ ಹೇಳುತ್ತದೆ. ಅದು 1151ರ ಸುಮಾರಿನದು, ಬಿ. ಎಲ್. ರೈಸರು 1904ರಲ್ಲಿ ಪ್ರಕಟಿಸಿದ ತುಮಕೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ಸೇರಿದೆ. ಒಂದನೆಯ ನರಸಿಂಹನ ಸಾಮಂತನಾದ ಬಾಚಿಯೆಂಬವನು ಅಲ್ಲಿ ಶಿವನಿಗೂ ವಿಷ್ಣುವಿಗೂ ಗುಡಿಗಳನ್ನೂ ಜಿನನಿಗೆ ಬಸದಿಯನ್ನೂ ಎತ್ತಿಸಿದನೆಂದು ಅದರಿಂದ ತಿಳಿಯುತ್ತದೆ. ಆ ಶಾಸನವು ಊರನ್ನು ಕಯ್ದಾಳವೆಂದೇ ಕರೆಯುತ್ತದೆ. ಗುಡಿಯು ಎದ್ದಾಗಲೇ ಊರಿಗೆ ಆ ಹೆಸರು ರೂಢಿಯಾಗಿದ್ದುದರಿಂದ, ಕೈ ಬಂದ ಕಾರಣದಿಂದ ಊರಿಗೆ ಹೆಸರು ಬಂದಿತೆಂಬುದಕ್ಕಿಂತ, ಊರಿನ ಹೆಸರಿನ ಮೊದಲಲ್ಲಿ ಕೈ ಎಂಬ ಶಬ್ದವು ಕೇಳಿಸಿದ್ದರಿಂದ ಕೈಯ ಕಥೆಯು ಹುಟ್ಟಿತೆಂಬುದೇ ಹೆಚ್ಚು ಯುಕ್ತವಾಗಿ ತೋರುತ್ತದೆ. ಹೆಸರಿನಿಂದ ಕಥೆಯನ್ನು ಹಿಂಡುವುದು ಸ್ಥಳಪುರಾಣಗಳ ನಿತ್ಯದ ರೀತಿ. ಕೈದಾಳದ ಶಾಸನದಲ್ಲಿ ದಾತೃವಾದ ಸಾಮಂತನಿದ್ದಾನೆ; ಕೈ ಕಳೆದುಕೊಂಡ ಶಿಲ್ಪಿಯಿಲ್ಲ.

ಇನ್ನು ಬೇಲೂರಿನ ಕಲ್ಲುಗಳನ್ನೇ ಕೇಳಬೇಕು. 1902ರಲ್ಲಿ ಹೊರಟ ಹಾಸನ ಜಿಲ್ಲೆಯ ಶಾಸನ ಸಂಪುಟವೂ, ಮೈಸೂರು ಪ್ರಾಕ್ತನ ವಿಮರ್ಶೆಯ ಇಲಾಖೆಯ ಅಧಿಕಾರಿಗಳಾಗಿದ್ದ ಆರ್. ನರಸಿಂಹಾಚಾರ್ಯರು 1919ರಲ್ಲಿ ಬೇಲೂರಿನ ದೇವಾಲಯವನ್ನು ಕುರಿತು ಪ್ರಕಟಿಸಿದ ಗ್ರಂಥವೂ ಈ ವಿಷಯಕ್ಕೆ ಮೂಲಾಧಾರಗಳು. ಅಲ್ಲಿಯ ವಿಗ್ರಹಗಳ ಪೀಠಗಳ ಮೇಲೆ ಕೆತ್ತಿದವರ ಹೆಸರುಗಳು ಸಣ್ಣ ಅಕ್ಷರಗಳಲ್ಲಿ ಕಾಣುತ್ತವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಗದಗಿನ ನಾಗೋಜ, ಚಿಕ್ಕಹಂಪ, ಮಲ್ಲಿಯಣ್ಣ, ಪದರಿ ಮಲ್ಲೋಜ ಮೊದಲಾದವರು ಅಲ್ಲಿ ದುಡಿದವರು. ಹೊರಗೆ 38, ಒಳಗೆ 4, ಒಟ್ಟು 42 ಮದನಿಕಾ ವಿಗ್ರಹಗಳಲ್ಲಿ ಹಲವು ದಾಸೋಜ ಚಾವಣರ ಕೈಯವೆಂದು ಪೀಠದ ಲಿಪಿಯಿಂದಲೇ ನಿಶ್ಚಯವಾಗುತ್ತದೆ. ಕೆಲವರು ಬರಿಯ ಹೆಸರಿನಿಂದ ತೃಪ್ತರಾಗದೆ, ಎದುರಾಳಿ ರೂವಾರಿಗಳನ್ನು ತಾವು ಹೇಗೆ ಮುರಿಯುವೆವೆಂಬುದನ್ನು ಸಾರುವ ಬಿರುದುಗಳನ್ನೂ ಸೇರಿಸಿದ್ದಾರೆ. ಇಷ್ಟು ಹೆಸರುಗಳ ನಡುವೆ ಜಕಣಾಚಾರಿಯ ಹೆಸರು ಕಾಣುವುದಿಲ್ಲ.

ಇದು ಬೇಲೂರೊಂದರ ವಿಶೇಷವಲ್ಲ. ಹಳೆಬೀಡಿನ ಹೊಯ್ಸಳೇಶ್ವರದ ದಕ್ಷಿಣದ್ವಾರದ ಲಿಪಿಯಲ್ಲಿ ನರಸಿಂಹದೇವನ ರೂವಾರಿಯಾದ ಕೇದಾರೋಜನ ಹೆಸರೂ, ಅಲ್ಲಿಯ ಮಕರತೋರಣವನ್ನು ಕಂಡರಿಸಿದ ಕಾಳಿದಾಸಿಯ ಹೆಸರೂ ಇವೆ. ಹದಿಮೂರನೆಯ ಶತಮಾನದ ನಡುಭಾಗದ ನುಗ್ಗೇಹಳ್ಳಿಯ ಗುಡಿಯಲ್ಲಿ ನಂದಿಯ ಬೈಚೋಜನೂ ಮಲ್ಲಿತಮ್ಮನೂ ಕೆಲಸವನ್ನು ಪಾಲುಮಾಡಿಕೊಂಡು ಮಾಡಿರುವರು. ತೆಂಕಣ ಗೋಡೆ ಒಬ್ಬನದು, ಬಡಗಣ ಗೋಡೆ ಇನ್ನೊಬ್ಬನದು. ಸೋಮನಾಥಪುರದ ಕೇಶವಾಲಯದ ಹೊರಗೋಡೆಯ 194 ದೊಡ್ಡ ವಿಗ್ರಹಗಳಲ್ಲಿ 40 ಮಲ್ಲಿತಮ್ಮನವೆಂದು ನರಸಿಂಹಾಚಾರ್ಯರು 1917ರಲ್ಲಿ ಎಣಿಸಿ ತೋರಿಸಿದರು. ಉಳಿದವುಗಳಲ್ಲಿ ಮಸಣಿತಮ್ಮ, ಬಾಲೆಯ, ಚೌಡೆಯ, ಬಾಮಯ ಮುಂತಾದವರ ಹೆಸರುಗಳುಂಟು. ಭಾರತದ ಪ್ರಾಚೀನ ಶಿಲ್ಪಿಗಳು ಹೆಸರನ್ನು ಬಯಸದೆ ದೇವರಿಗೆ ಕೆಲಸವನ್ನು ಒಪ್ಪಿಸಿ ಮರೆಯಾದರೆಂದು ಉಪನ್ಯಾಸಗಳಲ್ಲಿ ಕೇಳುವುದುಂಟು. ಹೊಯ್ಸಳ ರೂವಾರಿಗಳ ವಿಷಯದಲ್ಲಿ ಅದು ಸಲ್ಲದ ಮಾತು. ಇವರು ಹೆಸರನ್ನು ಬಯಸಿದರು, ಬರೆದರು, ಬಿರುದನ್ನೂ ಬರೆದರು. ಇವರನ್ನು ಮರೆತವರು ನೋಡಲು ಬಂದ ಜನ.

ಹಾಗಾದರೆ ಬರೆದಿದ್ದ ಹೆಸರುಗಳೆಲ್ಲ ಮರೆತುಹೋಗಿ, ಬರೆಯದ ಹೆಸರೊಂದು ಉಳಿದುದು ಹೇಗೆ? ಮಧ್ಯಯುಗದ ಅಕ್ಷರಗಳನ್ನು ಓದಬಲ್ಲವರು ಕ್ರಮೇಣ ಇಲ್ಲವಾದುದು ಒಂದು ಕಾರಣ. ಆದರೆ ಅದಕ್ಕಿಂತಲೂ ಮುಖ್ಯವಾದುದು ಐತಿಹ್ಯದ ಸ್ವಭಾವ: ಅನೇಕರು ಮಾಡಿದುದನ್ನು ಅದು ಒಬ್ಬನಿಗೆ ಕಟ್ಟುತ್ತದೆ. ಮಹಾರಾಷ್ಟ್ರದಲ್ಲಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲನ್ನಿಟ್ಟು ಕಟ್ಟಿದ ಹಳೆಯ ಗುಡಿಗಳೆಲ್ಲ ಹೇಮಾಡಪಂತನವು. ಅವನಾದರೋ ದೇವಗಿರಿಯ ಯಾದವರ ಮಂತ್ರಿಯಾಗಿ ಧರ್ಮಶಾಸ್ತ್ರ ನಿಬಂಧವನ್ನು ರಚಿಸಿದ ಹೇಮಾದ್ರಿ. ಅವನು ಹುಟ್ಟುವುದಕ್ಕೆ ಮೊದಲಿನ ಗುಡಿಗಳೂ ಅವನ ಲೆಕ್ಕಕ್ಕೆ ಸಂದಿವೆ. ಅದೇ ಮೇರೆಗೆ ಧಾರವಾಡ ಗದಗುಗಳ ಕಡೆಯ ಚಾಲುಕ್ಯರ ಗುಡಿಗಳೂ ಜಕಣಾಚಾರಿಯವೆಂದೇ ಪ್ರಸಿದ್ಧವಾಗಿದ್ದವು. ಅವನು ರಾಜಪುತ್ರನೆಂದೂ, ತಿಳಿಯದೆ ಮಾಡಿದ ಬ್ರಹ್ಮಹತ್ಯೆಯನ್ನು ಕಳೆದುಕೊಳ್ಳಲು ಗುಡಿಗಳನ್ನು ಕಟ್ಟುತ್ತ ಹೋದನೆಂದೂ ಹೇಳುವ ಬೇರೊಂದು ಪಾಠವೂ ಉಂಟು. ಜಕಣಾಚಾರಿಯೆಂಬುದು ವ್ಯಕ್ತಿಯ ಹೆಸರೇ ಅಲ್ಲ, ದಕ್ಷಿಣಾಚಾರ್ಯ ಎಂಬುದರ ವಿಕಾರವೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ದಕ್ಷಿಣ ಶಬ್ದವು ಪ್ರಾಕೃತದಲ್ಲಿ ದಕ್ಖಿಣವಾಗುವುದು ಸಹಜವೇ ಸರಿ. ಮೊದಲಿನ ದಕಾರವು ಜಕಾರವಾಗುವುದಕ್ಕೆ ಇನ್ನೂ ಗಟ್ಟಿಯಾದ ನಿದರ್ಶನ ಬೇಕು. ಯಕ್ಷ ಶಬ್ದದ ತದ್ಭವವಾದ ಜಕ್ಕ ಎಂಬುದೂ ಕನ್ನಡದಲ್ಲಿರುವುದರಿಂದ ವ್ಯುತ್ಪತ್ತಿಯ ಬಾಗಿಲು ಇನ್ನೂ ತೆರೆದೇ ಇದೆ.

ಒಬ್ಬನಿಗೆ ಎಲ್ಲವನ್ನೂ ಕಟ್ಟುವ ಈ ಒಲವು ಓದು ಬಾರದವರದು ಮಾತ್ರವೆಂದು ತಿಳಿಯಬಾರದು. ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದ ಗುಡಿಯಲ್ಲಿಯೂ ಕಾಣುತ್ತದೆ, ಸೋಮನಾಥಪುರದಲ್ಲಿಯೂ ಕಾಣುತ್ತದೆ. ನಡುವಿನ ಅಂತರ ಅರುವತ್ತು ವರ್ಷಕ್ಕೆ ಕಡಿಮೆಯಿಲ್ಲ. ಇವೆಲ್ಲವೂ ಒಬ್ಬನ ಕೆಲಸವೆಂದು ಬರೆದಿರುವ ಗ್ರಂಥಗಳುಂಟು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಾಡಿನಲ್ಲಿ ಹೆಸರೊಂದೇ ಆದಮಾತ್ರಕ್ಕೆ ಮನುಷ್ಯನೂ ಒಬ್ಬನೇ ಎನ್ನುವುದು ಹೇಗೆ ಸಾಧು? ಗ್ರಾಮಸ್ಥರು ಜಕಣನನ್ನು ಕಂಡಂತೆಯೇ ಪಂಡಿತರು ಮಲ್ಲಿತಮ್ಮನನ್ನು ಕಾಣುವ ಸಂಭವವಿದೆಯೆಂಬುದನ್ನು ನೆನಪಿನಲ್ಲಿಡಬೇಕು.

ಇಷ್ಟರಮಟ್ಟಿಗೆ ಕಥೆಯು ಸೋತಂತಾಯಿತು. ಆದರೆ ಯಾರು ಕಟ್ಟಿದರೆಂಬ ಪ್ರಶ್ನೆಗೆ ತಪ್ಪು ಉತ್ತರವನ್ನು ಕೊಡುವ ಸಾಕ್ಷಿಯು ಬೇರೆ ಪ್ರಶ್ನೆಗೆ ಸರಿಯಾದ ಉತ್ತರವನ್ನು ಕೊಡಬಹುದು. ಗಂಧದ ಪರೀಕ್ಷೆಯ ಸಂದರ್ಭವನ್ನು ಪರಿಶೀಲಿಸಿದರೆ ಇದು ಸ್ಪಷ್ಟವಾಗುವುದು. ಶಿಲ್ಪಶಾಸ್ತ್ರ ಗ್ರಂಥಗಳಲ್ಲಿ ಶಿಲಾಪರೀಕ್ಷೆಯು ಒಂದು ಮುಖ್ಯ ಪ್ರಕರಣ. ಮಯಮತವು ಶಿಲೆಗಳ ಜಾತಿಲಕ್ಷಣಗಳನ್ನು ಹೇಳುತ್ತದೆ. ವಿಷ್ಣುಧರ್ಮೋತ್ತರದ ಮೂರನೆಯ ಖಂಡದಲ್ಲಿಯೂ ಶಿಲಾಪರೀಕ್ಷೆಯ ಅಧ್ಯಾಯವಿದೆ. ಒಳಗೆ ಪ್ರಾಣಿಯೋ ನೀರೋ ಅಡಗಿರುವ ಕಲ್ಲನ್ನು ಶಾಸ್ತ್ರಗಳು ಗರ್ಭವುಳ್ಳ ಶಿಲೆಯೆಂದು ಕರೆದು ಪ್ರತಿಮೆಗೆ ವರ್ಜ್ಯವೆಂದಿವೆ. ಅದನ್ನು ಕಂಡುಹಿಡಿಯಲು ಕಲ್ಲಿಗೆ ಲೇಪವನ್ನು ಬಳಿದು, ಅಲ್ಲಿ ಏಳುವ ಮಂಡಲದ ಬಣ್ಣದಿಂದ ಒಳಗೆ ಕಪ್ಪೆಯೋ ಹಾವೋ ಉಡವೋ ಎಂಬುದನ್ನು ನಿರ್ಣಯಿಸುವ ಕ್ರಮವನ್ನೂ ಹೇಳಿವೆ. ಕಪ್ಪೆಚೆನ್ನಿಗರಾಯನ ಕಥೆಯ ನಡುಬಿಂದುವಾದ ಗಂಧಲೇಪವೂ ಕಪ್ಪೆಯೂ ಹೊಲದ ಬದುವಿನಲ್ಲಿ ಹುಟ್ಟಿದ ಕಲ್ಪನೆಗಳಲ್ಲವೆಂದು ಇದರಿಂದ ಹೊಳೆಯುತ್ತದೆ. ಉಳಿ ಹಿಡಿದವರ ಮನೆಗಳಲ್ಲಿ ಬಂದ ಶಾಸ್ತ್ರದ ವಿಧಿಯೊಂದು ಇಲ್ಲಿ ಕಥೆಯ ಉಡುಪನ್ನು ತೊಟ್ಟಿದೆ. ಡಂಕಣನು ಗೆದ್ದುದು ಮಂತ್ರದಿಂದಲ್ಲ, ಲಕ್ಷಣಜ್ಞಾನದಿಂದ.

ಕಲ್ಲಿನೊಳಗೆ ಕಪ್ಪೆಯು ನಿಜವಾಗಿ ಬದುಕಿರಬಲ್ಲದೇ ಎಂಬ ಕುತೂಹಲವು ನಮ್ಮವರಿಗೆ ಮಾತ್ರ ಬಂದುದಲ್ಲ. ಬಂಡೆಯನ್ನು ಒಡೆದಾಗ ಜೀವಂತ ಕಪ್ಪೆಯು ಹೊರಬಿದ್ದಿತೆಂಬ ವೃತ್ತಾಂತಗಳು ಯೂರೋಪಿನಲ್ಲಿಯೂ ಹರಡಿದ್ದವು. ಆಕ್ಸ್‌ಫರ್ಡಿನ ಭೂವಿಜ್ಞಾನಿ ವಿಲಿಯಂ ಬಕ್‌ಲ್ಯಾಂಡರು 1825ರಲ್ಲಿ 24 ನೆಲಗಪ್ಪೆಗಳನ್ನು ತಂದು, 12ನ್ನು ಸಚ್ಛಿದ್ರವಾದ ಸುಣ್ಣಕಲ್ಲಿನ ಗುಳಿಗಳಲ್ಲಿಯೂ 12ನ್ನು ಗಟ್ಟಿಯಾದ ಮರಳುಗಲ್ಲಿನ ಗುಳಿಗಳಲ್ಲಿಯೂ ಇಟ್ಟು ಮುಚ್ಚಿ, ತಮ್ಮ ತೋಟದಲ್ಲಿ ಮೂರು ಅಡಿಯ ಆಳದಲ್ಲಿ ಹೂಳಿಸಿದರು. ವರ್ಷವೊಂದು ಕಳೆದ ಮೇಲೆ ತೆಗೆದುನೋಡಲು ಮರಳುಗಲ್ಲಿನವು ಎಲ್ಲವೂ ಸತ್ತಿದ್ದವು. ಸುಣ್ಣಕಲ್ಲಿನ ದೊಡ್ಡ ಕಪ್ಪೆಗಳು ಮಾತ್ರ ಬದುಕಿದ್ದವು. ಮರಳಿ ಹೂಳಲು ಎರಡನೆಯ ವರ್ಷ ಅವೂ ಸತ್ತವು. ಹೊಯ್ಸಳರ ಬಳಪದ ಕಲ್ಲಿನೊಳಗೆ ಕಪ್ಪೆಯು ಯುಗಗಳ ಕಾಲ ಇದ್ದೀತೆಂದು ಇನ್ನು ವಾದಿಸುವಂತಿಲ್ಲ. ಆದರೆ ಗಣಿಯಿಂದ ಬಂದಾಗ ಮೆದುವಾಗಿದ್ದು ಗಾಳಿಗೆ ಬಿದ್ದಮೇಲೆ ಬಿರುಸಾಗುವ ಆ ಕಲ್ಲಿನಲ್ಲಿ ಕಾಣದ ಬಿರುಕೋ ಪೊಳ್ಳೋ ಇದ್ದು, ತಿಂಗಳುಗಟ್ಟಲೆ ದುಡಿದ ಪ್ರತಿಮೆಯು ಕೊನೆಯ ಏಟಿನಲ್ಲಿ ಹಾಳಾಗುವ ಭಯವು ಶಿಲ್ಪಿಗೆ ನಿತ್ಯವೂ ಇದ್ದುದೇ. ಕಪ್ಪೆಯು ಆ ಭಯದ ಹೆಸರು.

ಕಥೆಯ ಎರಡನೆಯ ಎಳೆಯು ಗುರುತಿಲ್ಲದ ಮಗನಿಂದ ತಂದೆಗೆ ಒದಗುವ ಸೋಲು. ಜೈಮಿನಿ ಭಾರತವನ್ನು ಓದಿದ ಕನ್ನಡಿಗರಿಗೆ ಇಲ್ಲಿ ಬಭ್ರುವಾಹನನ ನೆನಪಾಗದೆ ಇರದು. ಶಿಲ್ಪಿಗಳ ಕಥೆಗಳಲ್ಲಿಯೇ ಇದಕ್ಕೆ ಹತ್ತಿರದ ನಂಟನ್ನು ಹುಡುಕುವುದಾದರೆ ಒರಿಸ್ಸಾದ ಕೋಣಾರ್ಕಕ್ಕೆ ಹೋಗಬೇಕು. ಅಲ್ಲಿ 1200 ಶಿಲ್ಪಿಗಳಿಂದ ಆಗದ ಕಲಶಸ್ಥಾಪನೆಯನ್ನು, ತಂದೆಯಾದ ಬಿಶು ಮಹಾರಾಣನನ್ನು ಹುಡುಕಿಕೊಂಡು ಬಂದ ಹನ್ನೆರಡು ವರ್ಷದ ಧರ್ಮಪದನು ಮಾಡಿ, ಹಿರಿಯರ ಮಾನವನ್ನೂ ಪ್ರಾಣವನ್ನೂ ಉಳಿಸಲು ಶಿಖರದಿಂದ ಸಮುದ್ರಕ್ಕೆ ಹಾರಿದನಂತೆ. ಸ್ಕಾಟ್ಲೆಂಡಿನಲ್ಲಿ 1446ರಲ್ಲಿ ಆರಂಭವಾದ ರಾಸ್ಲಿನ್ ಪ್ರಾರ್ಥನಾಮಂದಿರದ ಕಂಬವೊಂದರ ಕಥೆಯಲ್ಲಿ, ತಾನಿಲ್ಲದಾಗ ಅದನ್ನು ಕೆತ್ತಿ ತನ್ನನ್ನು ಮೀರಿಸಿದ ಶಿಷ್ಯನನ್ನು ಗುರುವು ಅಸೂಯೆಯಿಂದ ಕೊಲ್ಲುತ್ತಾನೆ. ಒಂದೇ ಕಷ್ಟಕ್ಕೆ ಮೂರು ದೇಶಗಳು ಮೂರು ಪರಿಹಾರಗಳನ್ನು ಕಂಡಿವೆ. ಎಳೆಯನು ಹಿರಿಯನನ್ನು ಮೀರಿದಾಗ ಸ್ಕಾಟ್ಲೆಂಡಿನಲ್ಲಿ ಹಿರಿಯನು ಎಳೆಯನನ್ನು ಕೊಲ್ಲುತ್ತಾನೆ. ಒರಿಸ್ಸಾದಲ್ಲಿ ಎಳೆಯನು ತಾನೇ ಸಾಯುತ್ತಾನೆ. ಕನ್ನಡನಾಡಿನಲ್ಲಿ ಹಿರಿಯನು ತನ್ನ ಕೈಯನ್ನು ಕಡಿದುಕೊಳ್ಳುತ್ತಾನೆ, ಆಮೇಲೆ ಇಬ್ಬರೂ ಕೂಡಿ ಗುಡಿಯನ್ನು ಕಟ್ಟುತ್ತಾರೆ. ನಮ್ಮ ಕಥೆಯನ್ನು ಕಟ್ಟಿದವರು ಇಬ್ಬರಲ್ಲಿ ಯಾರನ್ನೂ ಸಾಯಗೊಡಲಿಲ್ಲವೆಂಬುದು ಗಮನಾರ್ಹ. ವಿದ್ಯೆಯು ಮುಂದಿನ ತಲೆಗೆ ದಾಟಬೇಕು, ತಪ್ಪಿಗೆ ಹಿರಿಯನೇ ಹೊಣೆಯಾಗಬೇಕು ಎಂಬ ಎರಡು ಧರ್ಮಗಳನ್ನೂ ಅವರು ಉಳಿಸಿಕೊಂಡರು.

ಈಗ ಪೀಠದ ಲಿಪಿಯ ಕಡೆಗೆ ಮತ್ತೆ ತಿರುಗಿದರೆ ಅದು ಮೊದಲಿಗಿಂತ ಹೆಚ್ಚು ಮಾತನಾಡುತ್ತದೆ. ಬೇಲೂರಿನಲ್ಲಿ ನಿಜವಾಗಿಯೂ ಒಬ್ಬ ತಂದೆಯೂ ಒಬ್ಬ ಮಗನೂ ಜೊತೆಯಲ್ಲಿ ಕೆತ್ತಿದರು; ಅವರೇ ದಾಸೋಜ ಚಾವಣರು. ಜಕಣನು ಊರುಬಿಟ್ಟು ತಿರುಗಿದನೆಂದು ಕಥೆ; ದಾಸೋಜನು ಬಳ್ಳಿಗಾವೆಯಿಂದ, ನಾಗೋಜನು ಗದಗಿನಿಂದ, ಚಾಲುಕ್ಯರ ನಾಡನ್ನು ಬಿಟ್ಟು ಹೊಯ್ಸಳರ ಊರಿಗೆ ಬಂದುದು ಚರಿತ್ರೆ. ಜಕಣನು ಪಂಥ ತೊಟ್ಟನೆಂದು ಕಥೆ. ರೂವಾರಿಗಳು ಒಬ್ಬರ ಮೇಲೊಬ್ಬರು ಪಂಥದ ಬಿರುದುಗಳನ್ನು ಕಲ್ಲಿನಲ್ಲಿ ಬರೆದುದು ಚರಿತ್ರೆ. ಇದರಿಂದ ಜಕಣನೇ ದಾಸೋಜನೆಂದು ಸಾಧಿಸಲು ಹೊರಟರೆ ಅದು ಮತ್ತೊಂದು ಐತಿಹ್ಯವಾದೀತು. ಹೇಳಬಹುದಾದುದು ಇಷ್ಟೇ: ಕಥೆಯು ವ್ಯಕ್ತಿಗಳನ್ನು ಮರೆತರೂ ಅವರ ಕಸುಬಿನ ಬಾಳನ್ನು ಮರೆತಿಲ್ಲ, ಲಿಪಿಯು ವ್ಯಕ್ತಿಗಳನ್ನು ಉಳಿಸಿದೆ, ಅವರ ಭಯವನ್ನೂ ಹೆಮ್ಮೆಯನ್ನೂ ಹೇಳುವುದಕ್ಕೆ ಅದರಲ್ಲಿ ಎಡೆಯಿಲ್ಲ. ದಾಸೋಜನ ಹೆಸರು ಎರಡು ಮೂರು ಶಬ್ದಗಳಲ್ಲಿ ಮುಗಿಯುತ್ತದೆ. ಆ ಶಬ್ದಗಳ ಹಿಂದೆ ಇದ್ದ ಮನೆ, ದಾರಿ, ಮಗನ ಕೈಗೆ ಮೊದಲ ಸಲ ಉಳಿಯನ್ನಿತ್ತ ದಿನ, ಇವುಗಳ ನೆರಳನ್ನು ಓದುಗನು ಜಕಣನ ಕಥೆಯಲ್ಲಿಯೇ ಕಾಣಬೇಕು.

ಈ ವಿವೇಕವು ಈಗ ಅಗತ್ಯವಾಗಿದೆ. 1964ರಲ್ಲಿ ಅಮರಶಿಲ್ಪಿ ಜಕಣಾಚಾರಿ ಎಂಬ ಕನ್ನಡ ಚಲಚ್ಚಿತ್ರವು ಬಣ್ಣದಲ್ಲಿ ಹೊರಬಂದು ಕಥೆಯನ್ನು ಮನೆಮನೆಗೂ ಮುಟ್ಟಿಸಿತು. ರಾಜ್ಯ ಸರಕಾರವು ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿಗೂ ಜಕಣಾಚಾರಿಯ ಹೆಸರೇ ಇದೆ. ಬೇಲೂರು, ಹಳೆಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿದ ಮೇಲೆ ದೂರದೇಶಗಳವರಿಗೂ ಈ ಗುಡಿಗಳಲ್ಲಿ ಆದರವು ಹೆಚ್ಚುತ್ತಿದೆ. ಜಕಣಾಚಾರಿಯ ಕೀರ್ತಿಗೆ ಕೊರತೆಯಾಗುವ ಭಯವಿಲ್ಲ. ಅನ್ಯಾಯವಾಗಿರುವುದು ದಾಸೋಜ, ಚಾವಣ, ಕಾಳಿದಾಸಿ, ಬೈಚೋಜ, ಮಲ್ಲಿತಮ್ಮರಿಗೆ. ಎಂಟುನೂರು ಒಂಬೈನೂರು ವರ್ಷಗಳ ಕೆಳಗೆ ತಮ್ಮ ಹೆಸರು ನಿಲ್ಲಲೆಂದು ಅವರು ಬರೆದರು, ಅದು ನಿಂತಿತು, ಓದುವವರು ಇಲ್ಲವಾದರು. ಒಬ್ಬ ಮನುಷ್ಯನು ಇಂಥದನ್ನು ನಾನು ಮಾಡಿದೆನೆಂದು ಕಲ್ಲಿನಲ್ಲಿ ಬರೆದಿಟ್ಟಿರಲು, ಅವನ ಕೆಲಸದ ಎದುರಿಗೇ ನಿಂತು ಅದು ಬೇರೊಬ್ಬನದೆಂದು ಹೇಳುವುದು ಸಣ್ಣ ತಪ್ಪಲ್ಲ.

ಕಥೆಯನ್ನು ಹೇಳದಿರುವುದು ಇದಕ್ಕೆ ಪರಿಹಾರವಲ್ಲ. ಕಥೆಯ ಆಸೆಯಿಂದಲೇ ಮಕ್ಕಳು ಗುಡಿಯ ಬಳಿಗೆ ಬರುತ್ತಾರೆ, ದೊಡ್ಡವರೂ ಬರುತ್ತಾರೆ. ಬೇಲೂರಿಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಉಪಾಧ್ಯಾಯರು ಮೊದಲು ಅವರನ್ನು ಮದನಿಕೆಯೊಂದರ ಕೆಳಗೆ ನಿಲ್ಲಿಸಿ, ಪೀಠದ ಮೇಲಿನ ಹಳಗನ್ನಡ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿಸಬೇಕು. ದಾಸೋಜನ ಹೆಸರು ಅವರ ಬಾಯಿಂದಲೇ ಬಂದ ಮೇಲೆ ಕಪ್ಪೆಚೆನ್ನಿಗರಾಯನ ಗುಡಿಗೆ ಕರೆದೊಯ್ದು ಕಥೆಯನ್ನು ಪೂರ್ತಿಯಾಗಿ, ರಸವತ್ತಾಗಿ, ಯಾವುದನ್ನೂ ಬಿಡದೆ ಹೇಳಬೇಕು. ಆಗ ಗಂಧವು ಒಣಗದೆ ನಿಂತ ಕಡೆಗೆ ಹುಡುಗನು ಉಳಿಯಿಟ್ಟ ಕ್ಷಣದಲ್ಲಿ, ಕೇಳುವ ಮಕ್ಕಳಿಗೆ ಎದುರಾಗಿ ನಿಲ್ಲುವವನು ಹೆಸರಿಲ್ಲದ ಗಂಧರ್ವನಲ್ಲ, ಬಳ್ಳಿಗಾವೆಯಿಂದ ಮಗನೊಡನೆ ನಡೆದುಬಂದ ಒಬ್ಬ ಕೆಲಸಗಾರನಾಗಿರುತ್ತಾನೆ.